ಜಾಮೀನು ಕೇಳುವ ಪುಸ್ತಕಗಳು: ಮುನ್ನುಡಿ, ಬೆನ್ನುಡಿಗಳ ಚರಿತ್ರೆಯಿಂದ ಕೆಲವು ಪುಟಗಳು

1

ನಮ್ಮಪ್ಪ ಎಮ್ಮೆ ಸಾಲಕ್ಕೆ ಸೊಸೈಟಿಗೆ ಅರ್ಜಿ ಹಾಕಿದಾಗ ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದೆ. ಅರ್ಜಿಯ ಕೊನೆಯಲ್ಲಿ ಜಾಮೀನುದಾರರ ರುಜು ಬೇಕಿತ್ತು. ಜಾಮೀನು ಹಾಕುವವರ ಹೆಸರಿನಲ್ಲಿ ಪಹಣಿ ಇರಬೇಕು. ನಮ್ಮ ಕೇರಿಯಲ್ಲಿ ಪಹಣಿ ಇದ್ದವರೇ ಇರಲಿಲ್ಲ. ಅಪ್ಪ ಊರೊಳಗಿನ ಒಬ್ಬರ ಜಗಲಿ ಕೆಳಗೆ ನಿಂತು ‘ಬುದ್ಧಿ, ಒಂದು ರುಜು’ ಅಂದ. ಅವರು ಹಾಕಿಕೊಟ್ಟರು. ಕೆಟ್ಟ ಮನುಷ್ಯರೇನಲ್ಲ. ಆದರೆ ಆ ಒಂದು ರುಜುವಿಗೆ ಬದಲಾಗಿ ಅಪ್ಪ ಅವ್ವ ಇಬ್ಬರೂ ಎರಡು ವರ್ಷ ಅವರ ಗದ್ದೆಯ ನಾಟಿಗೂ ಕೊಯ್ಲಿಗೂ ಕರೆದಾಗೆಲ್ಲ ಹೋದರು. ಸಾಲದ ಕಂತು ತಪ್ಪದೆ ಕಟ್ಟಿದವನು ಅಪ್ಪ. ಊರಿನ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ‘ಗೌಡ್ರು ಕೊಡಿಸಿದ ಎಮ್ಮೆ’ ಆಗಿಯೇ ಉಳಿಯಿತು.

ಎರಡು ವರ್ಷದ ಹಿಂದೆ ನನ್ನ ಮೊದಲ ಕಥಾಸಂಕಲನದ ಕಟ್ಟನ್ನು ಬ್ಯಾಗಿನಲ್ಲಿಟ್ಟುಕೊಂಡು ಒಬ್ಬ ಪ್ರಕಾಶಕರ ಹತ್ತಿರ ಹೋದೆ. ಅವರು ನಾಲ್ಕು ಪುಟ ತಿರುವಿ, ‘ಚೆನ್ನಾಗಿದೆ. ಯಾರಾದ್ರೂ ದೊಡ್ಡೋರ ಹತ್ರ ಒಂದು ಬೆನ್ನುಡಿ ಬರೆಸ್ಕೊಂಡು ಬನ್ನಿ. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ವಲ್ಲ’ ಅಂದರು. ನಾನು ಒಬ್ಬ ದೊಡ್ಡ ಲೇಖಕರ ಮನೆಗೆ ಎಂಟು ತಿಂಗಳು ಅಲೆದೆ. ಕೊನೆಗೆ ಬಂದದ್ದು ಆರು ಸಾಲು. ಅದರಲ್ಲಿ ‘ದಲಿತ ಬದುಕಿನ ಹಸಿ ಅನುಭವ’ ಇತ್ತು, ‘ಭರವಸೆ’ ಇತ್ತು, ‘ಆಕ್ರೋಶ ಕಲೆಯಾಗಿ ಮಾಗಬೇಕಿದೆ’ ಎಂಬ ಹಿತವಚನವೂ ಇತ್ತು. ನನ್ನ ಸಂಕಲನದ ಒಂಬತ್ತು ಕಥೆಗಳಲ್ಲಿ ನಾಲ್ಕು ಕಥೆ ಗಂಡ ಹೆಂಡಿರ ಮಧ್ಯದ ಮೌನವನ್ನು ಕುರಿತವು; ಅವುಗಳಲ್ಲಿ ಆಕ್ರೋಶದ ಮಾತೇ ಇಲ್ಲ. ಅವರು ಕಥೆಗಳನ್ನು ಓದಿರಲಿಲ್ಲ, ನನ್ನ ಊರು, ಕೇರಿ, ಹೆಸರುಗಳನ್ನು ಓದಿದ್ದರು. ಆದರೂ ನಾನು ಆ ಆರು ಸಾಲನ್ನು ಅಚ್ಚು ಹಾಕಿಸಿದೆ. ಇದನ್ನು ಮುಚ್ಚಿಟ್ಟು ಮುಂದಿನ ಮಾತನ್ನು ಬರೆಯುವುದು ಅಪ್ರಾಮಾಣಿಕತೆಯಾಗುತ್ತದೆ.

ಅಪ್ಪನ ಎಮ್ಮೆಯೂ ನನ್ನ ಪುಸ್ತಕವೂ ಒಂದೇ ಕತೆ ಎಂದು ನನಗೆ ಹೊಳೆದದ್ದು ತೀರ ತಡವಾಗಿ. ಬೆನ್ನುಡಿ ಕೇಳುವ ಈ ಪದ್ಧತಿ ಎಲ್ಲಿಂದ ಬಂತು, ಯಾರು ಯಾರ ಮುಂದೆ ನಿಂತು ಕೇಳಿದರು, ಕೊಟ್ಟವರು ಏನು ಕೊಟ್ಟರು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಇಡುತ್ತಿದ್ದೇನೆ.

2

ಅಚ್ಚಿನ ಯಂತ್ರಕ್ಕೆ ಮುಂಚೆ ನಮ್ಮಲ್ಲಿ ಈ ವ್ಯವಹಾರ ಬೇರೆ ದಿಕ್ಕಿನಲ್ಲಿತ್ತು. ಹಳಗನ್ನಡದ ಕವಿ ಕಾವ್ಯದ ಮೊದಲಿಗೆ ತಾನೇ ಪೂರ್ವಕವಿಗಳನ್ನು ಹೊಗಳುತ್ತಿದ್ದ, ಜೊತೆಗೆ ತನ್ನನ್ನೂ ಹೊಗಳಿಕೊಳ್ಳುತ್ತಿದ್ದ. ಅವನಿಗೆ ಬೇಕಿದ್ದುದು ಅರಸನ ಒಪ್ಪಿಗೆ. 12ನೇ ಶತಮಾನದಲ್ಲಿ ಇದೂ ತಲೆಕೆಳಗಾಯಿತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ತನ್ನ ವಚನಗಳಲ್ಲಿ ಮಾದಾರ ಚೆನ್ನಯ್ಯನ ನೆಂಟಸ್ತಿಕೆ ಹೇಳಿಕೊಂಡ. ಮೇಲಿನವನು ಕೆಳಗಿನವನ ಒಪ್ಪಿಗೆ ಕೇಳಿದ ಅಪರೂಪದ ಗಳಿಗೆ ಅದು. ಇನ್ನು ನಮ್ಮ ಕಡೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ ಯಾವ ಮುನ್ನುಡಿಯೂ ಬೇಕಿರಲಿಲ್ಲ. ಬೆಳಗಿನ ಜಾವದವರೆಗೂ ಜನ ಎದ್ದು ಹೋಗದೆ ಕೂತರೆ ಅದೇ ಅವರಿಗೆ ಸಿಕ್ಕ ಮರ್ಯಾದೆ. ಅದೇ ಹಾಡು ಅಚ್ಚಾಗುವ ಹೊತ್ತಿಗೆ ಮಾತ್ರ ಅದರ ಮುಂದೆ ಒಬ್ಬ ವಿದ್ವಾಂಸ ಬಂದು ನಿಲ್ಲುತ್ತಾನೆ.

ಇವತ್ತು ನಾವು ನೋಡುವ ಬೆನ್ನುಡಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅಮೆರಿಕಾದ ವಾಲ್ಟ್ ವಿಟ್‌ಮನ್‌ನಿಂದ ಶುರುಮಾಡುತ್ತಾರೆ. 1855ರಲ್ಲಿ ಆತ ‘ಲೀವ್ಸ್ ಆಫ್ ಗ್ರಾಸ್’ ಅನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಒಂದು ಪ್ರತಿಯನ್ನು ಎಮರ್ಸನ್‌ಗೆ ಕಳಿಸಿದ. ಆ ಕಾಲಕ್ಕೆ ಎಮರ್ಸನ್ ಬಹಳ ದೊಡ್ಡ ಹೆಸರು. ಅವನಿಂದ ಮೆಚ್ಚುಗೆಯ ಖಾಸಗಿ ಪತ್ರ ಬಂತು. ವಿಟ್‌ಮನ್ ಅಪ್ಪಣೆ ಕೇಳದೆ ಅದನ್ನು ಪತ್ರಿಕೆಗೆ ಕೊಟ್ಟ. 1856ರ ಎರಡನೇ ಆವೃತ್ತಿಯಲ್ಲಿ ಆ ಪತ್ರದ ಒಂದು ಸಾಲನ್ನು ಎಮರ್ಸನ್ ಹೆಸರಿನ ಜೊತೆ ಪುಸ್ತಕದ ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ ಹೊಡೆಸಿದ. ಸಾಲದ್ದಕ್ಕೆ ತನ್ನ ಪುಸ್ತಕಕ್ಕೆ ತಾನೇ ಹೆಸರು ಹಾಕದೆ ವಿಮರ್ಶೆಗಳನ್ನೂ ಬರೆದುಕೊಂಡಿದ್ದ. ಇಂಥ ಹೊಗಳಿಕೆಗೆ ಇಂಗ್ಲಿಷಿನಲ್ಲಿ ‘ಬ್ಲರ್ಬ್’ ಎಂಬ ಹೆಸರು ಬಂದದ್ದು 1907ರಲ್ಲಿ. ಜೆಲೆಟ್ ಬರ್ಜೆಸ್ ಎಂಬ ವಿನೋದಸಾಹಿತಿ ತನ್ನ ಪುಸ್ತಕದ ಮೇಲುಹೊದಿಕೆಯಲ್ಲಿ ‘ಬೆಲಿಂಡಾ ಬ್ಲರ್ಬ್’ ಎಂಬ ಕಲ್ಪಿತ ಹೆಂಗಸಿನ ಚಿತ್ರ ಹಾಕಿ, ಅವಳು ಪುಸ್ತಕವನ್ನು ಕೂಗಿ ಕೂಗಿ ಹೊಗಳುವಂತೆ ಮಾಡಿದ್ದ. ಗೇಲಿಗೆಂದು ಹುಟ್ಟಿದ ಪದ ಪ್ರಕಾಶನಲೋಕದ ಪರಿಭಾಷೆಯಾಯಿತು.

ಈ ಕತೆ ಸುಳ್ಳಲ್ಲ. ಆದರೆ ಇದು ಬಿಳಿಯ ಗಂಡಸರ ಕತೆ. ಇದಕ್ಕೂ 83 ವರ್ಷ ಮುಂಚೆ ಅದೇ ನೆಲದಲ್ಲಿ ಇನ್ನೊಂದು ಪುಸ್ತಕಕ್ಕೆ ದೊಡ್ಡವರ ಹೆಸರುಗಳು ಬೇಕಾಗಿದ್ದವು. 1761ರಲ್ಲಿ ಆಫ್ರಿಕಾದಿಂದ ಏಳೆಂಟು ವರ್ಷದ ಒಂದು ಹೆಣ್ಣುಮಗುವನ್ನು ಬಾಸ್ಟನ್ನಿಗೆ ತಂದು ಮಾರಿದರು. ಅವಳನ್ನು ಹೊತ್ತು ತಂದ ಹಡಗಿನ ಹೆಸರು ಫಿಲಿಸ್. ಕೊಂಡವರ ಮನೆತನದ ಹೆಸರು ವೀಟ್ಲಿ. ಆ ಮಗುವಿಗೆ ಫಿಲಿಸ್ ವೀಟ್ಲಿ ಅಂತ ಹೆಸರಿಟ್ಟರು. ಹಡಗಿನದೊಂದು, ಒಡೆಯನದೊಂದು; ಅವಳದ್ದು ಅನ್ನುವುದು ಯಾವುದೂ ಇಲ್ಲ. ಆ ಹುಡುಗಿ ಇಂಗ್ಲಿಷ್ ಕಲಿತು ಕವಿತೆ ಬರೆದಳು. 1772ರಲ್ಲಿ ಬಾಸ್ಟನ್ನಿನಲ್ಲಿ ಪುಸ್ತಕ ತರಲು ಮುಂಗಡ ಚಂದಾ ಕೇಳಿದಾಗ ಸಾಕಷ್ಟು ಜನ ಮುಂದೆ ಬರಲಿಲ್ಲ. ಗುಲಾಮಳೊಬ್ಬಳು ಇವನ್ನು ಬರೆದಳೆಂದು ನಂಬುವುದು ಹೇಗೆ ಎಂಬ ಅನುಮಾನವೂ ಇತ್ತು. 1773ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬಂದಾಗ ಅದರ ಮೊದಲಿಗೆ ಬಾಸ್ಟನ್ನಿನ 18 ಜನ ಗಣ್ಯರ ಹೆಸರಿದ್ದ ಒಂದು ದೃಢೀಕರಣ ಪತ್ರ ಇತ್ತು. ಗವರ್ನರ್ ಥಾಮಸ್ ಹಚಿನ್ಸನ್, ಮುಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಜಾನ್ ಹ್ಯಾನ್‌ಕಾಕ್, ಪಾದ್ರಿಗಳು ಎಲ್ಲರೂ ಅದರಲ್ಲಿದ್ದರು. ಈ ಕವಿತೆಗಳನ್ನು ಈಕೆಯೇ ಬರೆದದ್ದು ಎಂದು ನಾವು ನಂಬುತ್ತೇವೆ ಎನ್ನುವುದು ಅದರ ತಾತ್ಪರ್ಯ. ಹದಿನೆಂಟೂ ಜನ ಅವಳನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದರೆಂಬ ಕತೆ ಪ್ರಚಲಿತವಾಗಿದೆ. ಅಂಥ ಸಭೆಗೆ ದಾಖಲೆ ಇಲ್ಲ. ಹೆಸರುಗಳು ಮಾತ್ರ ಪುಸ್ತಕದಲ್ಲಿವೆ.

ವಿಟ್‌ಮನ್‌ನ ಪದ್ಯವನ್ನು ವಿಟ್‌ಮನ್ನೇ ಬರೆದನೇ ಎಂದು ಯಾರೂ ಕೇಳಲಿಲ್ಲ. ಅವನಿಗೆ ಬೇಕಿದ್ದುದು ಮೆಚ್ಚುಗೆ. ವೀಟ್ಲಿಗೆ ಬೇಕಿದ್ದುದು ಮೆಚ್ಚುಗೆಗಿಂತ ಮೊದಲು ಸಾಕ್ಷಿ. ಒಬ್ಬನಿಗೆ ಜಾಹೀರಾತು, ಇನ್ನೊಬ್ಬಳಿಗೆ ಜಾಮೀನು. ಈ ಎರಡನ್ನೂ ಒಂದೇ ಪದದಿಂದ ಕರೆದು ಚರಿತ್ರೆ ಬರೆದರೆ ನಮ್ಮಂಥವರ ಚರಿತ್ರೆ ಕಾಣಿಸುವುದೇ ಇಲ್ಲ.

ಆ ಹದಿನೆಂಟು ಹೆಸರು ಅವಳನ್ನು ಕಾಪಾಡಿದವೇ? ಗುಲಾಮಗಿರಿಯಿಂದ ಅವಳಿಗೆ ಬಿಡುಗಡೆ ಸಿಕ್ಕಿತು. ಆದರೆ 1779ರಲ್ಲಿ ಎರಡನೇ ಸಂಕಲನಕ್ಕೆ ಚಂದಾ ಕೇಳಿದಾಗ ಮತ್ತೆ ಜನ ಸಿಗಲಿಲ್ಲ, ಪುಸ್ತಕ ಬರಲೇ ಇಲ್ಲ. 1784ರಲ್ಲಿ ಬಡತನದಲ್ಲಿ ತೀರಿಕೊಂಡಳು. ಅದೇ ದಶಕದಲ್ಲಿ ಜೆಫರ್ಸನ್ ತನ್ನ ವರ್ಜೀನಿಯಾ ಕುರಿತ ಪುಸ್ತಕದಲ್ಲಿ ಅವಳ ಕವಿತೆ ವಿಮರ್ಶೆಗೂ ಯೋಗ್ಯವಲ್ಲ ಎಂಬ ಅರ್ಥದ ಮಾತು ಬರೆದ. ಅವಳೇ ಬರೆದದ್ದು ಎಂದು ಒಪ್ಪಿಸಿದ ಮೇಲೆ, ಬರೆದದ್ದು ಕವಿತೆಯಲ್ಲ ಎಂದು ಹೇಳಿದರಾಯಿತು. ಬಾಗಿಲು ಒಂದಲ್ಲ, ಎರಡಿವೆ.

3

ಫ್ರೆಡರಿಕ್ ಡಗ್ಲಸ್‌ನ ಕತೆ ನಮಗೆ ಇನ್ನೂ ಹತ್ತಿರದ್ದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಈತ 1845ರಲ್ಲಿ ಆತ್ಮಕಥೆ ಬರೆದ. ಶೀರ್ಷಿಕೆಯಲ್ಲೇ ‘ಸ್ವತಃ ತಾನೇ ಬರೆದದ್ದು’ ಎಂದು ಸೇರಿಸಬೇಕಾಯಿತು. ಅಷ್ಟೂ ಸಾಲದೆಂದು ಮೊದಲಿಗೆ ಇಬ್ಬರು ಬಿಳಿಯರ ಬರಹ: ಗುಲಾಮಗಿರಿ ವಿರೋಧಿ ಚಳುವಳಿಯ ನಾಯಕ ವಿಲಿಯಂ ಲಾಯ್ಡ್ ಗ್ಯಾರಿಸನ್‌ನ ಮುನ್ನುಡಿ, ವೆಂಡೆಲ್ ಫಿಲಿಪ್ಸ್‌ನ ಪತ್ರ. ಇಬ್ಬರೂ ಪ್ರಾಮಾಣಿಕರು, ಚಳುವಳಿಗೆ ಬದುಕನ್ನು ಕೊಟ್ಟವರು. ಆದರೂ ಪುಸ್ತಕದೊಳಕ್ಕೆ ಹೋಗಬೇಕಾದರೆ ಓದುಗ ಮೊದಲು ಅವರ ಜಗಲಿ ಹತ್ತಿ ಇಳಿಯಬೇಕು.

1851ರ ಹೊತ್ತಿಗೆ ಗ್ಯಾರಿಸನ್‌ಗೂ ಡಗ್ಲಸ್‌ಗೂ ಬಿರುಕು ಬಿಟ್ಟಿತು. ಡಗ್ಲಸ್ ತನ್ನದೇ ಪತ್ರಿಕೆ ನಡೆಸುತ್ತಿದ್ದ, ಸಂವಿಧಾನವನ್ನು ತನ್ನದೇ ರೀತಿಯಲ್ಲಿ ಅರ್ಥೈಸತೊಡಗಿದ್ದ. ಅನುಭವ ಹೇಳಪ್ಪ ಸಾಕು, ತತ್ವ ನಾವು ನೋಡಿಕೊಳ್ಳುತ್ತೇವೆ ಎಂಬ ಗೆಳೆಯರ ಧೋರಣೆ ಅವನಿಗೆ ಸಹಿಸದಾಗಿತ್ತು. 1855ರಲ್ಲಿ ಎರಡನೇ ಆತ್ಮಕಥೆ ಬಂದಾಗ ಅದಕ್ಕೆ ಪೀಠಿಕೆ ಬರೆದವನು ಜೇಮ್ಸ್ ಮೆಕ್ಯೂನ್ ಸ್ಮಿತ್. ಈತ ಕಪ್ಪು ಜನಾಂಗದ ವೈದ್ಯ, ಹುಟ್ಟಾ ಗುಲಾಮ, ಅಮೆರಿಕಾದ ಕಾಲೇಜುಗಳು ಸೇರಿಸಿಕೊಳ್ಳದಿದ್ದಾಗ ಗ್ಲಾಸ್ಗೋಗೆ ಹೋಗಿ ವೈದ್ಯಕೀಯ ಪದವಿ ಪಡೆದು ಬಂದವನು. ಹತ್ತು ವರ್ಷದಲ್ಲಿ ಮುನ್ನುಡಿಯ ಜಾಗದಲ್ಲಿ ಆದ ಈ ಒಂದು ಬದಲಾವಣೆಯೇ ಒಂದು ರಾಜಕೀಯ ಘೋಷಣೆ. ಗೊತ್ತಿಲ್ಲದವರಿಗೆ ಸಾಕ್ಷಿ ಹೇಳುವವನ ಬದಲು ಜೊತೆಯಲ್ಲಿ ನಡೆದವನು ಅಲ್ಲಿ ಬಂದು ಕೂತ.

ಹೆಣ್ಣಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಹ್ಯಾರಿಯೆಟ್ ಜೇಕಬ್ಸ್ ಒಡೆಯನ ಲೈಂಗಿಕ ಕಿರುಕುಳದಿಂದ ತಪ್ಪಿಸಿಕೊಳ್ಳಲು ಸುಮಾರು ಏಳು ವರ್ಷ ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿದ್ದವಳು. 1853ರಲ್ಲಿ ತನ್ನ ಕತೆಗೆ ನೆರವು ಬಯಸಿ, ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದು ಪ್ರಸಿದ್ಧಳಾಗಿದ್ದ ಹ್ಯಾರಿಯೆಟ್ ಬೀಚರ್ ಸ್ಟೋವ್‌ಳನ್ನು ಸಂಪರ್ಕಿಸಿದಳು. ಸ್ಟೋವ್‌ಗೆ ಅವಳ ಕತೆಯನ್ನು ತನ್ನ ಪುಸ್ತಕದೊಳಗೆ ಬಳಸಿಕೊಳ್ಳುವ ಇರಾದೆ ಇತ್ತು. ಜೇಕಬ್ಸ್ ನೊಂದು ಹಿಂದೆ ಸರಿದು, ತಾನೇ ಬರೆಯಲು ಕೂತಳು. ಪ್ರಕಾಶಕರು ಬಿಳಿಯ ಲೇಖಕಿಯ ಮುನ್ನುಡಿ ಬೇಕೇ ಬೇಕು ಎಂದಾಗ ಲಿಡಿಯಾ ಮರಿಯಾ ಚೈಲ್ಡ್ ಒಪ್ಪಿಕೊಂಡಳು. 1861ರಲ್ಲಿ ಪುಸ್ತಕ ಬಂತು. ಪರಿಣಾಮ ನೋಡಿ: ಮುಂದೆ ನೂರು ವರ್ಷಕ್ಕೂ ಮೇಲೆ ಎಷ್ಟೋ ವಿದ್ವಾಂಸರು ಅದನ್ನು ಚೈಲ್ಡ್ ಬರೆದ ಕಾದಂಬರಿ ಎಂದೇ ತಿಳಿದಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಹಳೆಯ ಪತ್ರಗಳನ್ನು ಹುಡುಕಿ ತೆಗೆದು ಇದು ಜೇಕಬ್ಸ್‌ಳದೇ ಬರಹ ಎಂದು ಸ್ಥಾಪಿಸಬೇಕಾಯಿತು. ಜಾಮೀನು ಹಾಕಿದವರ ಹೆಸರಿಗೇ ಎಮ್ಮೆ ಹೋಗಿಬಿಟ್ಟಿತ್ತು.

4

ಈ ಚರಿತ್ರೆ ನಮ್ಮದಲ್ಲ ಎನ್ನುವಂತಿಲ್ಲ. ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಕರಿಯರ ಗುಲಾಮಗಿರಿಯನ್ನು ತೊಡೆದುಹಾಕಿದ ಅಮೆರಿಕಾದ ಜನರಿಗೆ. ಆ ಹೊತ್ತಿಗೇ ಒಂದು ನೋವಿನ ಕೈ ಇನ್ನೊಂದು ನೋವಿನ ಕೈಯನ್ನು ಗುರುತಿಸಿತ್ತು. 1885ರಲ್ಲಿ ಪುಣೆಯ ಮರಾಠಿ ಗ್ರಂಥಕಾರರ ಸಭೆಗೆ ರಾನಡೆಯವರು ಕರೆದಾಗ ಫುಲೆ ಹೋಗಲಿಲ್ಲ. ಶೂದ್ರಾತಿಶೂದ್ರರಿಗೆ ಮನುಷ್ಯರ ಹಕ್ಕನ್ನೇ ಕೊಡದವರ ಪುಸ್ತಕಗಳ ಜೊತೆ ನಮ್ಮ ಪುಸ್ತಕಗಳು ಕೂಡಲಾರವು ಎಂದು ಪತ್ರ ಬರೆದರು. ಲೇಖಕರ ಪಂಕ್ತಿಯಲ್ಲಿ ಒಂದು ಎಲೆ ಹಾಕಿಕೊಡಿ ಎಂದು ಅವರು ಕೇಳಲಿಲ್ಲ.

1935ಕ್ಕೆ ಬನ್ನಿ. ಮುಲ್ಕ್‌ರಾಜ್ ಆನಂದರ ‘ಅನ್‌ಟಚಬಲ್’ ಕಾದಂಬರಿಯನ್ನು 19 ಪ್ರಕಾಶಕರು ತಿರಸ್ಕರಿಸಿದ್ದರು. ಅದು ಹೊರಬಂದದ್ದು ಇ.ಎಂ. ಫಾರ್‌ಸ್ಟರ್‌ನ ಮುನ್ನುಡಿಯ ಬಲದಿಂದ. ಕಾದಂಬರಿಯನ್ನು ನಮ್ಮ ತರಗತಿಗಳಲ್ಲಿ ಇವತ್ತಿಗೂ ಪಾಠ ಮಾಡುತ್ತೇವೆ, ಮುನ್ನುಡಿಯನ್ನು ಬಿಟ್ಟುಬಿಡುತ್ತೇವೆ. ಅದನ್ನೊಮ್ಮೆ ನಿಧಾನವಾಗಿ ಓದಬೇಕು. ಈ ಪುಸ್ತಕವನ್ನು ಯುರೋಪಿನವನು ಬರೆಯಲಾರ, ಅವನಿಗೆ ಒಳವಿವರ ಗೊತ್ತಿಲ್ಲ. ಅಸ್ಪೃಶ್ಯನೂ ಬರೆಯಲಾರ, ಅವನು ಸಿಟ್ಟಿನಲ್ಲೂ ಸ್ವಮರುಕದಲ್ಲೂ ಸಿಕ್ಕಿಹಾಕಿಕೊಳ್ಳುತ್ತಾನೆ. ಹೊರಗೆ ನಿಂತು ನೋಡಿದ ಭಾರತೀಯನಿಗೆ ಮಾತ್ರ ಇದು ಸಾಧ್ಯ ಎಂಬುದು ಫಾರ್‌ಸ್ಟರ್‌ನ ವಾದ. ಒಬ್ಬ ಲೇಖಕನನ್ನು ಒಳಕ್ಕೆ ಬಿಟ್ಟುಕೊಳ್ಳುವ ಮುನ್ನುಡಿ ಅದೇ ಉಸಿರಿನಲ್ಲಿ ಕೋಟಿಗಟ್ಟಲೆ ಜನರ ಮುಂದೆ ಬಾಗಿಲು ಹಾಕಿತು. ನನ್ನ ಬೆನ್ನುಡಿಯಲ್ಲಿ ಬಂದ ‘ಆಕ್ರೋಶ ಕಲೆಯಾಗಿ ಮಾಗಬೇಕಿದೆ’ ಎಂಬ ಮಾತಿನ ತಾತ ಯಾರು ಎಂಬುದು ನನಗೆ ತಿಳಿದದ್ದು ಅಲ್ಲಿ.

ಸ್ವಾರಸ್ಯವೆಂದರೆ, ಅಸ್ಪೃಶ್ಯ ಬರೆಯಲಾರ ಎಂದು ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ಸುಮಾರಿಗೇ ಅಂಬೇಡ್ಕರ್ ತಮ್ಮ ಅನುಭವಗಳನ್ನು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ದಾಖಲಿಸುತ್ತಿದ್ದರು. ಗೋರೆಗಾಂವ್‌ಗೆ ಹೊರಟ ಮಕ್ಕಳಿಗೆ ಬಂಡಿ ಸಿಗದೆ, ನೀರು ಸಿಗದೆ ಹೋದದ್ದನ್ನು ಅವರು ಹೇಳುವ ರೀತಿಯಲ್ಲಿ ಸ್ವಮರುಕದ ಸುಳಿವೂ ಇಲ್ಲ. ಆ ಬರಹ ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ, ಅವರು ತೀರಿಕೊಂಡು 34 ವರ್ಷದ ಮೇಲೆ.

ಬೆನ್ನುಡಿಯ ಚರಿತ್ರೆಯಲ್ಲಿ ಬಾಬಾಸಾಹೇಬರಿಗೆ ಒಂದು ಅಧ್ಯಾಯವೇ ಇರಬೇಕು. 1933ರ ಫೆಬ್ರವರಿಯಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆ ಶುರುಮಾಡುವಾಗ ಮೊದಲ ಸಂಚಿಕೆಗೆ ಅಂಬೇಡ್ಕರರ ಸಂದೇಶ ಕೇಳಿದರು. ಇಲ್ಲಿ ಕೇಳುತ್ತಿರುವವರು ಮೇಲಿನವರು. ಎರಡು ಒಳ್ಳೆಯ ಮಾತು ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಅಂಬೇಡ್ಕರ್ ಸಂದೇಶ ಕೊಡಲಿಲ್ಲ. ಅದರ ಬದಲು ಒಂದು ಹೇಳಿಕೆ ಕಳಿಸಿದರು. ಜಾತಿ ಇರುವವರೆಗೂ ಜಾತಿಯಿಂದ ಹೊರಗಿಟ್ಟವರು ಇರುತ್ತಾರೆ, ಜಾತಿಪದ್ಧತಿ ನಾಶವಾಗದೆ ಅವರಿಗೆ ಬಿಡುಗಡೆ ಇಲ್ಲ ಎಂದು ಅದರಲ್ಲಿ ನೇರವಾಗಿ ಹೇಳಿದರು. ಗಾಂಧೀಜಿ ಅದನ್ನು ತಮ್ಮ ಉತ್ತರದ ಜೊತೆ ಪ್ರಕಟಿಸಿದರು. ಹೊಗಳಿಕೆ ಕೇಳಿದಾಗ ಭಿನ್ನಾಭಿಪ್ರಾಯ ಕೊಡಬಹುದು, ಕೊಟ್ಟದ್ದನ್ನು ಅಚ್ಚು ಹಾಕಲೂಬಹುದು ಎಂಬ ಪಾಠ ಇಬ್ಬರಿಂದಲೂ ಸಿಗುತ್ತದೆ.

ಮೂರು ವರ್ಷದ ಮೇಲೆ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆಯಿತು. ಭಾಷಣ ನೋಡಿ ಗಾಬರಿಯಾಗಿ ಕೆಲವು ಭಾಗ ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸಲು ಅವರು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. 1936ರಲ್ಲಿ ಅವರು ‘ಅನಿಹಿಲೇಶನ್ ಆಫ್ ಕಾಸ್ಟ್’ ಅನ್ನು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಬೆಲೆ ಎಂಟಾಣೆ. ಆ ಪುಸ್ತಕದ ಮೊದಲಿಗೆ ಯಾರ ಪ್ರಶಸ್ತಿಯೂ ಇಲ್ಲ. ಅಲ್ಲಿರುವುದು ಮಂಡಲದ ಜೊತೆ ನಡೆದ ಪತ್ರವ್ಯವಹಾರ, ಅಂದರೆ ತಿರಸ್ಕಾರದ ದಾಖಲೆ. ಗಾಂಧೀಜಿ ‘ಹರಿಜನ’ದಲ್ಲಿ ಪುಸ್ತಕವನ್ನು ಟೀಕಿಸಿದರು, ಬೆಲೆಯನ್ನು ಎರಡಾಣೆಗೋ ನಾಲ್ಕಾಣೆಗೋ ಇಳಿಸಬೇಕಿತ್ತು ಎಂದೂ ಬರೆದರು. 1937ರ ಎರಡನೇ ಆವೃತ್ತಿಗೆ ಆ ಟೀಕೆಯನ್ನೂ ತಮ್ಮ ಉತ್ತರವನ್ನೂ ಅಂಬೇಡ್ಕರ್ ಸೇರಿಸಿದರು. ಮುಂದೆ ತಿರಸ್ಕಾರ, ಹಿಂದೆ ಟೀಕೆ, ನಡುವೆ ಪಠ್ಯ. ಓದುಗ ತಾನೇ ತೀರ್ಮಾನ ಮಾಡಲಿ ಎಂಬ ಧೈರ್ಯ ಅದು. ಜಾಮೀನಿಲ್ಲದೆ ನಿಂತ ಪುಸ್ತಕ.

ಅದೇ ಪುಸ್ತಕಕ್ಕೆ 2014ರಲ್ಲಿ ನವಯಾನ ಪ್ರಕಾಶನದ ಟಿಪ್ಪಣಿಸಹಿತ ಆವೃತ್ತಿ ಬಂದಾಗ ಅರುಂಧತಿ ರಾಯ್ ಅವರ ನೂರಕ್ಕೂ ಹೆಚ್ಚು ಪುಟದ ಪೀಠಿಕೆ ಮುಂದೆ ಬಂದು ಕೂತಿತು. ಅಂಬೇಡ್ಕರರನ್ನು ಪರಿಚಯಿಸಲು ಇನ್ನೊಬ್ಬರು ಯಾಕೆ ಬೇಕು, ಬೇಕಾದರೂ ಅವರೇ ಯಾಕೆ ಎಂದು ಹಲವು ದಲಿತ ಚಿಂತಕರು ಬಹಿರಂಗವಾಗಿ ಪ್ರಶ್ನಿಸಿದರು. ಪೀಠಿಕೆಯಿಂದ ಪುಸ್ತಕ ಹೊಸ ಓದುಗರಿಗೆ ಮುಟ್ಟಿತು ಎಂಬುದು ಇನ್ನೊಂದು ವಾದ. ಎರಡರಲ್ಲೂ ಸತ್ಯವಿದೆ. ಆದರೆ ಮುಟ್ಟುವುದಕ್ಕೆ ಇನ್ನೂ ಯಾರದಾದರೂ ಜಗಲಿ ಬೇಕು ಎಂಬ ಸ್ಥಿತಿಯನ್ನು ಮಾತ್ರ ಸಹಜವೆಂದು ಒಪ್ಪಿಕೊಳ್ಳಬಾರದು.

5

ಹಾಗಾದರೆ ಮುನ್ನುಡಿ ಬರೆಸುವುದೇ ಗುಲಾಮಗಿರಿಯೇ? ಹಾಗೆ ಹೇಳಲಾರೆ. 1972ರಲ್ಲಿ ನಾಮದೇವ ಢಸಾಳರ ‘ಗೋಲ್‌ಪೀಠಾ’ ಬಂದಾಗ ಮುನ್ನುಡಿ ಬರೆದವರು ವಿಜಯ್ ತೆಂಡೂಲ್ಕರ್. ಅವರು ಮೇಲ್ಜಾತಿಯವರು, ಆಗಲೇ ದೊಡ್ಡ ನಾಟಕಕಾರರು. ಆದರೆ ಆ ಮುಂಬಯಿ ತಮಗೆ ಗೊತ್ತಿಲ್ಲ, ಆ ಪದಗಳ ಅರ್ಥ ಗೊತ್ತಿಲ್ಲ ಎಂದು ಒಪ್ಪಿಕೊಂಡು ಢಸಾಳರನ್ನೇ ಕೇಳಿ ತಿಳಿದುಕೊಂಡವರು. ಅಲ್ಲಿ ಮುನ್ನುಡಿಕಾರ ವಿದ್ಯಾರ್ಥಿ, ಕವಿ ಮೇಷ್ಟ್ರು.

ಕನ್ನಡದಲ್ಲಿ 1973ರ ಬೂಸಾ ಪ್ರಕರಣದ ನಂತರ ಏನಾಯಿತು ಎಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತು. ಕನ್ನಡ ಸಾಹಿತ್ಯದ ಬಗ್ಗೆ ಒಂದು ಮಾತಾಡಿದ್ದಕ್ಕೆ ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಅದೇ ವರ್ಷ ದೇವನೂರರ ‘ದ್ಯಾವನೂರು’, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದವು. ಆ ಹಾಡುಗಳು ಜನರನ್ನು ಮುಟ್ಟಿದ್ದು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ, ಹಾಸ್ಟೆಲುಗಳಲ್ಲಿ, ಕೇರಿಯ ಬೀದಿಗಳಲ್ಲಿ, ಬಾಯಿಂದ ಬಾಯಿಗೆ. ಪುಸ್ತಕ ನೋಡದವರಿಗೂ ಪದ್ಯ ಬರುತ್ತಿತ್ತು. ಇವತ್ತು ಆ ಜಾಗ ಸೊರಗಿದೆ. ಹಾಡುವ ಬೀದಿ ಕಮ್ಮಿಯಾದಷ್ಟೂ ಬೆನ್ನುಡಿಯ ಬೆಲೆ ಏರಿದೆ ಎಂದು ನನ್ನ ಗುಮಾನಿ.

ಕಳೆದ ತಿಂಗಳು ನನ್ನ ಕಾಲೇಜಿನ ಅಂತಿಮ ವರ್ಷದ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಸಾರ್, ಪದ್ಯ ಬರ್ದಿದೀನಿ. ಒಂದು ಬೆನ್ನುಡಿ ಬರ್ಕೊಡಿ ಸಾರ್’ ಅಂದಳು. ಅವಳ ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಬಾಗಿಲಲ್ಲಿ ಅವಳು ನಿಂತ ರೀತಿ ನೋಡಿ ನನಗೆ ಅಪ್ಪ ನೆನಪಾದ. ಈ ಸಲ ಜಗಲಿ ಮೇಲೆ ಕೂತಿದ್ದವನು ನಾನು. ಎಂ.ಎ. ಮಾಡಿ, ಒಂದು ಪುಸ್ತಕ ತಂದು, ತಿಂಗಳ ಸಂಬಳ ಎಣಿಸುವ ನಮ್ಮಂಥವರ ಹೆಸರಿಗೂ ಈಗ ಒಂದಿಷ್ಟು ಪಹಣಿ ಆಗಿದೆ. ನಮ್ಮವರೇ ನಮ್ಮವರಿಗೆ ಜಾಮೀನುದಾರರಾಗಿ ಆಳು ಕರೆಯುವ ಕಾಲ ಶುರುವಾಗಿದೆಯೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

‘ಒಳಗೆ ಬಾಮ್ಮ, ಕೂತ್ಕೋ. ನಾನ್ಯಾಕೆ ಬರೀಬೇಕು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ನಾನೇ ಬರ್ದಿದ್ದು ಅಂತ ಹೇಳೋಕಲ್ಲ ಸಾರ್. ಚೆನ್ನಾಗಿದೆ ಅನ್ನೋಕೂ ಅಲ್ಲ. ಯಾರಾದ್ರೂ ಒಬ್ರು ಪೂರ್ತಿ ಓದವ್ರೆ ಅಂತ ನಂಗೆ ಗೊತ್ತಾಗ್ಬೇಕು.’

ಮೂವತ್ತೆರಡು ಪದ್ಯಗಳನ್ನು ಎರಡೆರಡು ಸಲ ಓದಿದೆ. ಏಳು ಪದ್ಯ ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನೂ, ಒಂದು ಪದ್ಯದಲ್ಲಿ ಅವಳಮ್ಮ ಹೊಲಿಗೆ ಮಿಷನ್ನಿನ ಸದ್ದನ್ನು ಮನೆಗೂ ಹೊತ್ತು ತರುವುದು ನನ್ನನ್ನು ಎರಡು ದಿನ ಬಿಡದೆ ಕಾಡಿದ್ದನ್ನೂ ಸೇರಿಸಿ ಎರಡು ಪುಟ ಬರೆದೆ. ಇದನ್ನು ಮುಂದೆ ಹಾಕಬೇಡ, ಬೆನ್ನಿಗೂ ಹಾಕಬೇಡ. ಬೇಕಿದ್ದರೆ ಕೊನೆಯ ಪುಟದಲ್ಲಿ ಹಾಕು, ಅದರ ಕೆಳಗೆ ನಿನ್ನ ಉತ್ತರವನ್ನೂ ಬರಿ ಎಂದೆ. ಉತ್ತರ ಬರೆದು ತಂದಿದ್ದಾಳೆ. ಏಳರಲ್ಲಿ ಎರಡು ಪದ್ಯ ತೆಗೆಯಲು ಒಪ್ಪಿದ್ದಾಳೆ. ಉಳಿದ ಐದರ ಬಗ್ಗೆ ನಾನು ಓದಿದ್ದೇ ತಪ್ಪು ಅಂತ ವಾದ ಹೂಡಿದ್ದಾಳೆ. ಎರಡನ್ನೂ ಅಚ್ಚಿಗೆ ಕಳಿಸಿದ್ದೇವೆ.